ಇರುವೆ ಮರ ಬಿಟ್ಟು ಹೋದವರು

೨೦೧೨ರ ಜೂನ್ ೧೯, ಮಂಗಳವಾರ. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಲಂಬಾರಿ ಠಾಣೆಯೊಳಗೆ ಒಬ್ಬ ಹೆಂಗಸು ಕೆಸರು ಮೆತ್ತಿದ ಬೂಟುಗಳಲ್ಲೇ ನಡೆದು ಬಂದಳು. ಆಗಷ್ಟೇ ನೆಲ ಒರೆಸಿಸಿದ್ದ ಹೆಡ್ ಕಾನ್‌ಸ್ಟೇಬಲ್ ಕ್ಲೌದಿನೆಯ್ ಅವಳ ಮುಖ ನೋಡುವ ಬದಲು ಹೆಜ್ಜೆಗುರುತುಗಳನ್ನೇ ನೋಡುತ್ತ ನಿಂತ.

"ದೂರು ಕೊಡಬೇಕು," ಅಂದಳು ಅವಳು. ಹೆಸರು ಲೀಜಿಯಾ ಪ್ರಾತಿಸ್. ಲಂಬಾರಿ ಹೊಳೆಯ ಉದ್ಯಾನದಲ್ಲಿ ದಂಡೆಗೆ ಮತ್ತೆ ಕಾಡು ಬೆಳೆಸುವ ಕೆಲಸದ ಮೇಲ್ವಿಚಾರಕಿ.

ಇನ್‌ಸ್ಪೆಕ್ಟರ್ ವಾಲ್ದಿರ್ ಒಶಿರೊ ಒಳಗಿನಿಂದ ಎದ್ದು ಬಂದು ಕುರ್ಚಿ ತೋರಿಸಿದ.

"ಏನು ಕಳುವಾಗಿದೆ?"

"ಸಸಿ."

"ಎಷ್ಟು?"

"ಅರವತ್ತರ ಮೇಲೆ. ಶನಿವಾರ ಸಂಜೆ ಇದ್ದವು. ಭಾನುವಾರ, ಸೋಮವಾರ ನಮಗೆ ರಜೆ. ಇವತ್ತು ಹೋಗಿ ನೋಡಿದ್ರೆ ಬೇಲಿಯಿಂದ ನೀರಿನ ತನಕ ಒಂದು ಪಟ್ಟಿ ಬೋಳಾಗಿದೆ."

ಕ್ಲೌದಿನೆಯ್ ಮೂಲೆಯಿಂದ ಹೇಳಿದ: "ಸಸಿ ಕದಿಯೋರೂ ಹುಟ್ಟಿಕೊಂಡ್ರಾ? ನಮ್ಮ ಕಾಲದಲ್ಲಿ ಹಣ್ಣು ಕದೀತಿದ್ದೆವು."

ಲೀಜಿಯಾ ನಗಲಿಲ್ಲ. ಮುಂದಿನ ಸೋಮವಾರ, ಇಪ್ಪತ್ತೈದಕ್ಕೆ, ರಾಜ್ಯದ ನಿಧಿಯವರು ದಂಡೆ ನೋಡಲು ಬರುತ್ತಾರೆ ಎಂದಳು. ಸಾಲು ತುಂಬಿದ್ದರೆ ಮುಂದಿನ ಕಂತು ಬರುತ್ತದೆ. ನಡುವೆ ಬೋಳು ಕಂಡರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ನಿಂತರೆ ಏನಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊಳೆಯ ಎರಡೂ ಬದಿಗೆ ಕಾಂಕ್ರೀಟು ಗೋಡೆ ಎಬ್ಬಿಸಿ ಮೇಲೆ ರಸ್ತೆ ಎಳೆಯುವ ನಕ್ಷೆಯೊಂದು ತಯಾರಾಗಿ ಕೂತಿತ್ತು. ಪಕ್ಕದ ಬಡಾವಣೆಯ ಹೊಳೆಯನ್ನು ಹಾಗೆಯೇ ಮಾಡಿದ್ದರು. ಈಗ ಅಲ್ಲಿ ಬಸ್ಸು ಓಡುತ್ತವೆ, ಕೆಳಗೆ ನೀರಿದೆ ಅನ್ನುವುದನ್ನೇ ಜನ ಮರೆತಿದ್ದಾರೆ.

ಒಶಿರೊಗೆ ಅದು ಮರೆತಿರಲಿಲ್ಲ. ಅವನು ನದಿದಂಡೆಯ ಕೊರುಂಬಾದಲ್ಲಿ ಹುಟ್ಟಿದವನು, ಅವನಪ್ಪ ಅಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಈ ಊರಿಗೆ ಬಂದು ಮೂವತ್ತು ವರ್ಷವಾದರೂ ನೀರಿನ ಸದ್ದಿಲ್ಲದೆ ಮಲಗುವುದು ಅವನಿಗೆ ಇನ್ನೂ ಸರಿಯಾಗಿ ಅಭ್ಯಾಸವಾಗಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಜೀಪು ಹೊರಟಿತು.

ಸ್ಥಳ ಪಂಚನಾಮೆಗೆ ಇಬ್ಬರು ಪಂಚರು ಸಿಕ್ಕರು: ಉದ್ಯಾನದಲ್ಲಿ ಓಡಲು ಬಂದಿದ್ದ ಒಬ್ಬ ದಂತವೈದ್ಯ ಮತ್ತು ಅವನ ಹಿಂದೆ ಏದುಸಿರು ಬಿಡುತ್ತಿದ್ದ ಅವನ ಭಾವಮೈದುನ. ಕಾನ್‌ಸ್ಟೇಬಲ್ ಜುಸಾರಾ ಬೆನೀತಿಸ್ ಅಳತೆಪಟ್ಟಿ ಹಿಡಿದು ಇಳಿಜಾರಿನಲ್ಲಿ ಇಳಿದಳು.

ಬೋಳಾದ ಪಟ್ಟಿ ನೆಟ್ಟಗಿರಲಿಲ್ಲ. ಬೇಲಿಯ ಬಳಿ ಶುರುವಾಗಿ, ನಡುವೆ ಸ್ವಲ್ಪ ಎಡಕ್ಕೆ ಬಾಗಿ, ನೀರಿನಂಚಿನ ಒಂದು ಚಪ್ಪಟೆ ಬಂಡೆಯ ಮುಂದೆ ನಿಂತಿತ್ತು. ಇಬ್ಬರು ಅಕ್ಕಪಕ್ಕ ನಡೆದು ಹೋಗುವಷ್ಟು ಅಗಲ. ಸಸಿ ಕಿತ್ತ ಗುಂಡಿಗಳನ್ನು ಮಣ್ಣು ಮುಚ್ಚಿ, ಕಾಲಿನಿಂದ ತಟ್ಟಿ ಸಮ ಮಾಡಿದ್ದರು. ಮುರಿದ ಟೊಂಗೆ ಒಂದೂ ಇರಲಿಲ್ಲ, ಉದುರಿದ ಎಲೆಯೂ ಇರಲಿಲ್ಲ.

"ಶಿಸ್ತಿನ ಕಳ್ಳ," ಅಂದಳು ಜುಸಾರಾ. "ಕಸ ಗುಡಿಸಿ ಹೋಗಿದ್ದಾನೆ."

"ಪೂರ್ತಿ ಮುಗಿಸಿಲ್ಲ," ಅಂದ ಕ್ಲೌದಿನೆಯ್. "ಅಲ್ಲಿ ನೋಡಿ, ಮೂರು ಬಿಟ್ಟಿದ್ದಾನೆ. ಯಾರೋ ಬಂದರು ಅಂತ ಓಡಿರಬೇಕು."

ಪಟ್ಟಿಯ ನಡುವೆ ಮೊಣಕಾಲೆತ್ತರದ ಮೂರು ಸಸಿ ನಿಂತಿದ್ದವು. ಒಂದು ಬೇಲಿಯ ಹತ್ತಿರ, ಒಂದು ನಡುವೆ, ಒಂದು ಬಂಡೆಗೆ ತೀರ ಸಮೀಪ. ಓಡಿದವನು ಒಂದೇ ಕಡೆ ಬಿಟ್ಟು ಓಡುತ್ತಾನೆ, ಹೀಗೆ ಆರಿಸಿ ಬಿಡುವುದಿಲ್ಲ. ಒಶಿರೊ ಕುಕ್ಕರಗಾಲಲ್ಲಿ ಕೂತು ಎಲೆ ತಿರುವಿ ನೋಡಿದ. ಮೂರೂ ಒಂದೇ ಜಾತಿ.

"ನೊವತೇರು," ಅಂದ.

"ಹೌದು," ಅಂದಳು ಲೀಜಿಯಾ. "ದಂಡೆಯ ಮರ. ಬೇರು ಮಣ್ಣು ಹಿಡಿಯುತ್ತೆ."

"ಇರುವೆ ಇದೆಯಾ ಇದರಲ್ಲಿ?"

"ಇಲ್ಲಪ್ಪ. ನರ್ಸರಿಯಲ್ಲಿ ಬೆಳೆದ ಸಸಿ. ಕಾಂಡ ಟೊಳ್ಳಾಗೋಕೆ ವರ್ಷಗಳು ಬೇಕು, ಇರುವೆ ಆಮೇಲೆ ಬರೋದು. ಸದ್ಯಕ್ಕೆ ಇವು ಪಾಪದವು."

ಒಶಿರೊ ಸಸಿಯ ಕಾಂಡವನ್ನು ಬೆರಳಿನಿಂದ ಮುಟ್ಟಿದ. ಇರುವೆ ಇಲ್ಲವೆಂದು ಈಗ ತಾನೇ ಕೇಳಿದ್ದರೂ ಕೈ ತಾನಾಗಿಯೇ ಹಿಂದೆ ಸರಿಯಿತು. ಅವನಿಗೆ ಏಳು ವರ್ಷ ಇದ್ದಾಗ ದೋಣಿ ಕಾಯುತ್ತ ಇಂಥದೇ ಒಂದು ದೊಡ್ಡ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅಂಗಿಯೊಳಗೆ ಬೆಂಕಿ ಬಿದ್ದ ಹಾಗಾಗಿತ್ತು. ಅಮ್ಮ ಬೆನ್ನಿಗೆ ನದಿಯ ಕೆಸರು ಮೆತ್ತುತ್ತ ಬೈದಿದ್ದಳು, ದಂಡೆಯ ಮೇಲಿದ್ದ ಬೆಸ್ತರೆಲ್ಲ ನಕ್ಕಿದ್ದರು. ಹೊಸಬನಿಗೆ ಪಾಠ ಕಲಿಸುವ ಮರ ಅಂತಲೇ ಅದಕ್ಕೆ ಆ ಹೆಸರು. ಪಂತನಾಲಿನ ಜೌಗಿನಲ್ಲಿ ಬೆಳೆದ ಯಾರೂ ಅದನ್ನು ಎರಡನೆಯ ಸಲ ಮುಟ್ಟುವುದಿಲ್ಲ. ಆ ಕೆಸರಿನ ತಂಪು ಈಗಲೂ ಬೆನ್ನಿಗೆ ನೆನಪಿತ್ತು, ಅಮ್ಮನ ದನಿ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಸರಿಯಾಗಿ ಕೇಳಿಸಲಿಲ್ಲ.

"ಬರೆದುಕೋ," ಅಂದ ಜುಸಾರಾಗೆ. "ನೊವತೇರು ಮೂರು, ಮುಟ್ಟಿಲ್ಲ."

ಮರುದಿನ ಬುಧವಾರ ಸಸಿ ಒದಗಿಸಿದ್ದ ನರ್ಸರಿಯ ಎಗೊನ್ ಕ್ರೂಗರ್‌ನನ್ನು ಠಾಣೆಗೆ ಕರೆಸಿದರು. ಕಿತ್ತ ಸಸಿಯನ್ನೇ ಮತ್ತೆ ಮಾರುವ ಆಸೆ ಯಾರಿಗಾದರೂ ಇದ್ದರೆ ಅವನಿಗೇ ಇರಬೇಕು ಎಂಬುದು ಕ್ಲೌದಿನೆಯ್‌ನ ಲೆಕ್ಕ.

"ಭಾನುವಾರ ಎಲ್ಲಿದ್ರಿ?"

"ಮಗಳ ಮದುವೆ. ಬೇರೆ ಊರಲ್ಲಿ."

"ಸೋಮವಾರ?"

"ಮದುವೆ ಮಾಡಿಸಿದವನು ಸೋಮವಾರ ಎಲ್ಲಿರ್ತಾನೆ ಸಾಹೇಬ್ರೇ, ಹಾಸಿಗೆಯಲ್ಲಿ." ಕ್ರೂಗರ್ ಬೆವರು ಒರೆಸಿಕೊಂಡ. "ಆ ಹಳೇ ಗೊಬ್ಬರದ ವಿಚಾರಾನಾ ಇದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಗೊಬ್ಬರದಲ್ಲಿ ಏನೋ ಕಲಬೆರಕೆ ಇದ್ದಿರಬೇಕು. ಆದರೆ ಸಸಿಯ ವಿಷಯದಲ್ಲಿ ಅವನದು ತಪ್ಪಿರಲಿಲ್ಲ.

"ನೊವತೇರು ಸಸಿ ಮುಟ್ಟೋಕೆ ನಿಮಗೆ ಭಯ ಇದೆಯಾ?" ಎಂದು ಕೇಳಿದ ಒಶಿರೊ.

"ಸಸಿಗೆ ಯಾಕೆ ಭಯ? ದಿನಾ ನೂರು ಎತ್ತಿಡ್ತೀನಿ."

ಒಶಿರೊ ಅವನನ್ನು ಕಳಿಸಿಬಿಟ್ಟ. ಕ್ಲೌದಿನೆಯ್‌ಗೆ ಬೇಸರವಾಯಿತು.

"ಯಾಕೆ ಸರ್ ಬಿಟ್ರಿ?"

"ನರ್ಸರಿಯವನಾದ್ರೆ ಆ ಮೂರನ್ನೂ ಒಯ್ಯುತ್ತಿದ್ದ. ಇರುವೆ ಇಲ್ಲ ಅಂತ ಅವನಿಗೆ ಗೊತ್ತು. ಪೇಟೆಯ ಕಳ್ಳನಾದ್ರೂ ಒಯ್ಯುತ್ತಿದ್ದ, ಅವನಿಗೆ ಇರುವೆಯ ವಿಷಯವೇ ಗೊತ್ತಿಲ್ಲ. ಆ ಮರ ಅಂದ್ರೆ ಇರುವೆ ಅಂತ ಗೊತ್ತಿದ್ದು, ಸಸಿಯಲ್ಲಿ ಇರುವೆ ಇರಲ್ಲ ಅಂತ ಗೊತ್ತಿಲ್ಲದವರು ಇದನ್ನು ಮಾಡಿದ್ದು. ಅಂಥವರು ಒಂದೇ ಕಡೆ ಇರ್ತಾರೆ. ನಮ್ಮ ಕಡೆ."

ನಮ್ಮ ಕಡೆ ಅನ್ನುವಾಗ ಅವನ ದನಿ ಸ್ವಲ್ಪ ಮೆತ್ತಗಾಯಿತು. ಕಳ್ಳನ ಬಗ್ಗೆ ಮಾತಾಡುವಾಗ ಇನ್‌ಸ್ಪೆಕ್ಟರ್‌ಗೆ ಇರಬೇಕಾದ ದನಿ ಅದಲ್ಲ.

ಗುರುವಾರವೆಲ್ಲ ಉದ್ಯಾನದ ಸುತ್ತಮುತ್ತ ವಿಚಾರಿಸಿದರು. ಯಾರೂ ಏನೂ ನೋಡಿರಲಿಲ್ಲ. ಲೀಜಿಯಾ ದಿನಕ್ಕೆರಡು ಸಲ ಫೋನ್ ಮಾಡಿದಳು. ಬೇರೆ ಸಸಿ ತಂದು ನೆಡಬಾರದೇ ಅಂದರೆ, ಆ ಜಾತಿಯವು ಅಕ್ಟೋಬರಿನಲ್ಲಿ ಮಳೆ ಶುರುವಾಗುವವರೆಗೆ ಎಲ್ಲೂ ಸಿಗುವುದಿಲ್ಲ ಅಂದಳು. ಆ ಹೊತ್ತಿಗೆ ಗೋಡೆ ಕಟ್ಟುವವರು ಬಂದು ನಿಂತಿರುತ್ತಾರೆ.

ಶುಕ್ರವಾರ ಮಧ್ಯಾಹ್ನ ಠಾಣೆಯ ಹಿತ್ತಲಲ್ಲಿ ತೆರೆರೆ ಕುಡಿಯುತ್ತ ಕೂತಿದ್ದರು. ಒಣಸೊಪ್ಪಿನ ಪುಡಿಗೆ ತಣ್ಣೀರು ಹುಯ್ದ ಕೊಂಬಿನ ಲೋಟ ಕೈಯಿಂದ ಕೈಗೆ ಸುತ್ತುತ್ತಿತ್ತು. ಜುಸಾರಾ ಲೋಟ ಹಿಂದಿರುಗಿಸಿ ಹೇಳಿದಳು:

"ನಾಳೆ ಸಂಜೆ ಬೇಗ ಬಿಡ್ತೀರಾ ಸರ್? ನಮ್ಮತ್ತೆ ಕರೆದಿದ್ದಾರೆ. ಸಂತ ಜುವಾಂವ್ ಹಬ್ಬದ ಒಂಬತ್ತು ದಿನದ ಪ್ರಾರ್ಥನೆ ನಾಳೆ ಮುಗಿಯುತ್ತೆ."

"ಎಲ್ಲಿ?"

"ಉದ್ಯಾನದ ಮೇಲಿನ ಕಾಲನಿಯಲ್ಲಿ, ಡೋನಾ ಕಸಿಲ್ದಾ ಮನೇಲಿ. ಹೊಳೆದಂಡೆಯಿಂದ ಎಬ್ಬಿಸಿ ಅಲ್ಲಿಗೆ ಹಾಕಿದ್ರಲ್ಲ, ಆ ಜನ. ಎಲ್ಲ ಪಂತನಾಲಿಂದ ಬಂದ ಮುದುಕಿಯರೇ."

ಒಶಿರೊ ಲೋಟವನ್ನು ಬಾಯಿಗಿಡದೆ ಹಾಗೇ ಹಿಡಿದುಕೊಂಡ. ಹಬ್ಬದ ಹಿಂದಿನ ಸಂಜೆ ಕೊರುಂಬಾದಲ್ಲಿ ಸಂತ ಜುವಾಂವನ ವಿಗ್ರಹವನ್ನು ಅಡ್ಡೆಯ ಮೇಲೆ ಹೊತ್ತು ನದಿಗೆ ಇಳಿಸುತ್ತಾರೆ, ಸ್ನಾನ ಮಾಡಿಸುತ್ತಾರೆ. ಅಡ್ಡೆಗೆ ಮುಂದೆ ಇಬ್ಬರು, ಹಿಂದೆ ಇಬ್ಬರು.

"ಆ ಪಟ್ಟಿಯ ಅಗಲ ಅಡ್ಡೆ ಹೊರೋ ಇಬ್ಬರದು," ಅಂದ ಅವನು.

ಜುಸಾರಾ ತನ್ನ ಎರಡೂ ಹೆಗಲನ್ನು ಒಮ್ಮೆ ನೋಡಿಕೊಂಡಳು. "ಅಯ್ಯೋ ನಮ್ಮತ್ತೇ," ಅಂದಳು ಮೆಲ್ಲಗೆ.

ಜೂನ್ ೨೩, ಶನಿವಾರ. ಮಧ್ಯಾಹ್ನ ಮೂರೂವರೆಗೆ ಶೋಧ ವಾರಂಟಿನೊಂದಿಗೆ ಕಸಿಲ್ದಾ ವಿಲಾಲ್ಬಾಳ ಮನೆಗೆ ಹೋದರು. ಶೋಧಿಸಲು ಏನೂ ಇರಲಿಲ್ಲ. ಸಸಿಗಳೆಲ್ಲ ಅಂಗಳದಲ್ಲೇ ಇದ್ದವು. ಎಣ್ಣೆ ಡಬ್ಬಿ, ಹಾಲಿನ ಪೊಟ್ಟಣ, ಒಡೆದ ಬಕೆಟ್ಟು, ಒಂದು ಹಳೆಯ ಬೂಟು, ಏನು ಸಿಕ್ಕಿತೋ ಅದರಲ್ಲೆಲ್ಲ ಹೆಂಟೆ ಸಮೇತ ಕೂರಿಸಿ, ಸೀಬೆಮರದ ನೆರಳಿಗೆ ಸಾಲಾಗಿ ಇಟ್ಟು, ಆಗಷ್ಟೇ ನೀರು ಹಾಕಿದ್ದರು. ಪಕ್ಕದಲ್ಲಿ ಬಣ್ಣದ ಕಾಗದ ಅಂಟಿಸಿದ ಅಡ್ಡೆ ಸಿದ್ಧವಾಗಿತ್ತು.

ಎಪ್ಪತ್ತು ದಾಟಿದ ಕಸಿಲ್ದಾ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

"ಮೂರು ಜನ ಪೊಲೀಸರು ಬಂದಿದ್ದೀರಿ. ನಾನು ಅಷ್ಟು ದೊಡ್ಡ ಕಳ್ಳಿನಾ?"

"ಈ ಸಸಿಗಳನ್ನು ಕಿತ್ತವರು ಯಾರು?"

"ನಾನು."

"ಜೊತೆಗೆ?"

"ಒಬ್ಬಳೇ."

ಅವಳ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಇನ್ನೂ ಐದು ಮುದುಕಿಯರು ಒಬ್ಬರ ಭುಜದ ಮೇಲೊಬ್ಬರು ಇಣುಕುತ್ತಿದ್ದರು. ಆರೂ ಜನರ ಉಗುರಲ್ಲಿ ಒಂದೇ ಕೆಂಪು ಮಣ್ಣು. ಅವರಲ್ಲೊಬ್ಬಳು ಜುಸಾರಾಳ ಅತ್ತೆ. ಜುಸಾರಾ ಸೀಬೆಮರದ ಕಡೆ ನೋಡುತ್ತ ನಿಂತಳು. ಒಶಿರೊ ಒಂದೇ ಹೆಸರು ಬರೆದುಕೊಂಡ.

"ಆ ಮೂರನ್ನು ಯಾಕೆ ಬಿಟ್ರಿ?"

"ನೊವತೇರುನಾ? ತಲೆ ಕೆಟ್ಟಿದೆಯಾ ನನಗೆ? ಅಡ್ಡೆ ಬೇಕಾದ್ರೆ ಸುತ್ತಿ ಹೋಗುತ್ತೆ."

"ಅವುಗಳಲ್ಲಿ ಇರುವೆ ಇಲ್ಲಮ್ಮ. ನರ್ಸರಿ ಸಸಿ."

ಕಸಿಲ್ದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇರುವೆ ಇಲ್ಲದ ನೊವತೇರು. ಸರ್ಕಾರದವರು ಮರಕ್ಕೂ ಹಲ್ಲು ಕಿತ್ತು ನೆಡ್ತಾರೆ ಅನ್ನಿ."

ಒಶಿರೊಗೆ ನಗು ಬಂತು, ತಡೆದುಕೊಂಡ.

"ದಾರಿ ಬೇಕಿತ್ತು ಅಂದ್ರೆ ಕೇಳಬಹುದಿತ್ತಲ್ಲ?"

"ಹೋದ ವರ್ಷ ಕೇಳಿದ್ವಿ. ಅರ್ಜಿ ಕೊಡಿ ಅಂದ್ರು, ಕೊಟ್ವಿ. ಇನ್ನೂ ನೋಡ್ತಾ ಇದ್ದಾರೆ. ಮೂವತ್ತು ವರ್ಷ ಅದೇ ಬಂಡೆ ಮೇಲೆ ಸಂತನಿಗೆ ಸ್ನಾನ ಮಾಡಿಸಿದ್ವಿ ಸಾಹೇಬ್ರೇ. ಹೋದ ವರ್ಷ ಬೇಲಿ ಹಾಕಿದ್ರು. ಬಟ್ಟೆ ಒಗೆಯೋ ಬೋಗುಣಿಯಲ್ಲಿ ಮಾಡಿಸಿದ್ವಿ. ಸಂತ ಏನೂ ಅನ್ನಲಿಲ್ಲ. ಇವರು ಅಂದ್ರು."

ಇವರು ಎಂದರೆ ಅವಳ ಗಂಡ ಅಬೀಲಿಯು. ಒಳಗೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಒಂದು ಕಾಲದಲ್ಲಿ ಜೌಗಿನಲ್ಲಿ ಸಾವಿರ ದನ ಈಜಿಸಿ ದಾಟಿಸಿದವನಂತೆ. ಈಗ ಕಂಬಳಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಹುಡುಕಬೇಕಿತ್ತು.

ಹಬ್ಬದ ಹಿಂದಿನ ಸಂಜೆ ಹರಿಯುವ ನೀರಿನಲ್ಲಿ ತನ್ನ ಮುಖ ಕಾಣದವನು ಮುಂದಿನ ಹಬ್ಬ ಕಾಣುವುದಿಲ್ಲ. ಒಶಿರೊಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಚಿಕ್ಕಂದಿನಲ್ಲಿ ಅವನೂ ಅಪ್ಪನ ಕೈ ಹಿಡಿದು ದೋಣಿಕಟ್ಟೆಯಿಂದ ಬಗ್ಗಿ ತನ್ನ ಮುಖ ಹುಡುಕಿದ್ದ.

"ಬೋಗುಣಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ ಅಂತ ಹೋದ ವರ್ಷವೇ ಹೇಳಿದ್ರು," ಅಂದಳು ಕಸಿಲ್ದಾ. ದನಿ ತಗ್ಗಿಸಿದ್ದಳು. "ಆಗಿಂದ ಹೋಗೋ ತಯಾರಿ ನಡೆಸಿದ್ದಾರೆ. ಮೇ ತಿಂಗಳಿಂದ ಊಟ ಬಿಟ್ಟಿದ್ದಾರೆ. ಡಾಕ್ಟರು ರೋಗ ಏನೂ ಇಲ್ಲ ಅಂತಾರೆ. ರೋಗ ಇಲ್ಲದವರಿಗೆ ನಾನು ಯಾವ ಔಷಧಿ ಕೊಡಲಿ? ಒಂದು ಸಲ ಆ ಬಂಡೆ ಹತ್ತಿರ ಕರೆದುಕೊಂಡು ಹೋದ್ರೆ ಸಾಕು. ನಾಳೆ ಭಾನುವಾರ ಸಂತನ ದಿನ, ನೆಡೋಕೆ ಒಳ್ಳೇ ದಿನ. ಎಲ್ಲಾನೂ ವಾಪಸ್ ನೆಡ್ತಿದ್ವಿ. ಒಂದೂ ಒಣಗಿಸಿಲ್ಲ, ನೋಡಿಕೊಳ್ಳಿ."

"ಸೋಮವಾರ ಪರಿಶೀಲನೆ ಇರೋದು ಗೊತ್ತಿತ್ತಾ?"

"ಯಾವ ಪರಿಶೀಲನೆ?"

ಒಶಿರೊ ಹೇಳಿದ. ಗೋಡೆಯ ವಿಷಯವನ್ನೂ ಹೇಳಿದ. ಕಸಿಲ್ದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟು ಹೊತ್ತು ಇದ್ದ ಗತ್ತು ಅವಳ ಮುಖದಿಂದ ಇಳಿದುಹೋಯಿತು.

"ಹೊಳೆಯನ್ನೇ ಮುಚ್ಚಿಬಿಡ್ತಾರಾ? ನನ್ನಿಂದ?"

"ಇನ್ನೂ ಮುಚ್ಚಿಲ್ಲ."

"ನನ್ನ ಹಿಡಿದುಕೊಂಡು ಹೋಗಿ. ಆದ್ರೆ ಇವರನ್ನ ಒಂದು ಸಲ ಕೆಳಗೆ ಇಳಿಸಿದ ಮೇಲೆ."

ಒಶಿರೊ ಗಡಿಯಾರ ನೋಡಿದ. ಆ ಸೀಮೆಯಲ್ಲಿ ಜೂನ್ ಎಂದರೆ ಚಳಿಗಾಲ, ಸೂರ್ಯ ಐದು ಗಂಟೆಗೆಲ್ಲ ಮುಳುಗುತ್ತಾನೆ. ಕಾನೂನಿನ ಪ್ರಕಾರ ಮೊದಲು ಮಾಲಿನ ಪಂಚನಾಮೆ, ಆಮೇಲೆ ಬಂಧನ. ಅವನು ಕ್ಲೌದಿನೆಯ್‌ನನ್ನು ಕರೆದು ಸಸಿ ಎಣಿಸಲು ಹೇಳಿದ.

ಠಾಣೆಯಲ್ಲಿ ಅವಸರಕ್ಕೆ ಹೆಸರಾದ ಕ್ಲೌದಿನೆಯ್ ಅವತ್ತು ಒಂದೊಂದು ಡಬ್ಬಿಯನ್ನೂ ಸುತ್ತು ಹಾಕಿ ನೋಡಿ ಎಣಿಸಿದ. ಮುಗಿಸಿ ಬಂದು, "ಲೆಕ್ಕ ತಪ್ಪಿತು ಸರ್, ಇನ್ನೊಂದು ಸಲ ಎಣಿಸಬೇಕು," ಅಂದ. ಎರಡನೆಯ ಸಲವೂ ತಪ್ಪಿತು. ಮಾಲು ಗುರುತಿಸಲು ಬಂದ ಲೀಜಿಯಾ ಮೊದಲು ಸಿಡುಕಿದಳು. ಜುಸಾರಾ ಅವಳನ್ನು ಒಳಗೆ ಕರೆದೊಯ್ದು ಮಂಚದ ಮೇಲಿದ್ದವನನ್ನು ತೋರಿಸಿದಳು. ಹೊರಗೆ ಬಂದ ಲೀಜಿಯಾ ಒಂದು ಡಬ್ಬಿಯ ಹೆಂಟೆ ಒತ್ತಿ ನೋಡಿದಳು.

"ಬೇರು ಚೆನ್ನಾಗಿದೆ," ಅಂದಳು. "ನಾಳೆಯೇ ನೆಟ್ಟರೆ ಬದುಕ್ತವೆ. ನನ್ನ ವಶಕ್ಕೆ ಕೊಡ್ತೀರಾ?"

"ಮುಚ್ಚಳಿಕೆ ಬರೆದುಕೊಟ್ರೆ ಕೊಡ್ತೀನಿ."

ಐದೂವರೆಗೆ ಮೆರವಣಿಗೆ ಇಳಿಯಿತು. ಬೋಳು ಪಟ್ಟಿಯ ಹೊರಗೆ ಯಾರೂ ಕಾಲಿಡಕೂಡದು ಎಂದು ಒಶಿರೊ ಖಡಕ್ಕಾಗಿ ಹೇಳಿದ್ದ. ಮುಂದೆ ಅಡ್ಡೆ, ಹಿಂದೆ ಮೋಂಬತ್ತಿ ಹಿಡಿದ ಹೆಂಗಸರು. ಕಡೆಯಲ್ಲಿ ಕ್ಲೌದಿನೆಯ್ ಮತ್ತು ಒಬ್ಬ ನೆರೆಮನೆಯವನು ಅಬೀಲಿಯುನನ್ನು ಕುರ್ಚಿ ಸಮೇತ ಎತ್ತಿಕೊಂಡಿದ್ದರು. ನೊವತೇರು ಸಸಿಗಳ ಹತ್ತಿರ ಬಂದಾಗ ಇಡೀ ಮೆರವಣಿಗೆ ಇರುವೆಗೆ ಹೆದರಿ ಬದಿಗೆ ಸರಿಯಿತು, ಇನ್‌ಸ್ಪೆಕ್ಟರೂ ಸರಿದ. ಸಂತನಿಗೆ ಸ್ನಾನವಾಯಿತು. ಹಾಡುತ್ತಿದ್ದ ಹೆಂಗಸರ ಹಳೆಯ ದನಿಗಳು ನೀರಿನ ಮೇಲೆ ಹರಡಿದಾಗ ಒಶಿರೊಗೆ ಅಮ್ಮನ ದನಿ ಹೇಗಿತ್ತು ಎಂಬುದು ಸ್ವಲ್ಪ ಹೊತ್ತು ನೆನಪಿಗೆ ಬಂತು.

ಆಮೇಲೆ ಅಬೀಲಿಯುನ ಕುರ್ಚಿಯನ್ನು ಬಂಡೆಯಂಚಿಗೆ ಇಟ್ಟರು. ಕತ್ತಲಾಗಿತ್ತು. ಒಶಿರೊ ಲಾಟೀನು ಹಿಡಿದು ಅವನ ಹಿಂದೆ ನಿಂತು ಮುಂದಕ್ಕೆ ಬಾಗಿದ. ಮುದುಕನಿಗೆ ಕುತ್ತಿಗೆ ಬಗ್ಗುತ್ತಿರಲಿಲ್ಲ, ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಬೆಳಕು ಬಿದ್ದ ನೀರಿನಲ್ಲಿ ಒಂದೇ ಒಂದು ಮುಖ ಅಲುಗಾಡುತ್ತಿತ್ತು. ಅದು ಇನ್‌ಸ್ಪೆಕ್ಟರನದು.

ಮುದುಕ ಬಹಳ ಹೊತ್ತು ನೋಡಿದ.

"ಕಸಿಲ್ದಾ, ಅಲ್ಲಿ ಒಬ್ಬ ಕಾಣ್ತಾನೆ. ನಾನೇನಾ?"

ಕಸಿಲ್ದಾ ಬಗ್ಗಿ ನೀರು ನೋಡಿದಳು. ತಲೆಯೆತ್ತಿ ಒಶಿರೊನನ್ನು ನೋಡಿದಳು. ಅವಳ ಕಣ್ಣು ಏನನ್ನೋ ಬೇಡುತ್ತಿತ್ತು.

"ನೀವಲ್ಲದೆ ಇನ್ಯಾರು," ಅಂದಳು.

ಒಶಿರೊ ಕದಲಲಿಲ್ಲ. ತೋಳು ಸೋಲುತ್ತಿತ್ತು, ಬಾಗಿದ ಸೊಂಟ ಹಿಡಿದುಕೊಂಡಿತ್ತು. ಮುದುಕ ಸಾಕು ಅನ್ನುವವರೆಗೂ ಉಸಿರು ಬಿಗಿಹಿಡಿದು ಹಾಗೇ ನಿಂತ.

ಆರೂ ಮುಕ್ಕಾಲಿಗೆ ಕಸಿಲ್ದಾ ವಿಲಾಲ್ಬಾಳ ಬಂಧನವಾಯಿತು. ಅಬೀಲಿಯುನನ್ನು ಒಬ್ಬನೇ ಬಿಡುವಂತಿರಲಿಲ್ಲ, ಅವನೂ ಜೀಪಿನಲ್ಲಿ ಬಂದ. ಅವಳ ಹೇಳಿಕೆ ಬರೆದುಕೊಳ್ಳುತ್ತಿದ್ದಾಗ ಮುದುಕ ಬೆಂಚಿನ ಮೇಲೆ ಕೂತು ಗಲ್ಲ ಸವರಿಕೊಳ್ಳುತ್ತಿದ್ದ.

"ಬೆಳಿಗ್ಗೆ ನೀನೇ ಕ್ಷೌರ ಮಾಡಿದೆಯಲ್ಲ. ನೀರಲ್ಲಿ ನನಗೆ ಮೀಸೆ ಇತ್ತು ಕಣೇ."

ಜುಸಾರಾ ಕಿಟಕಿಯ ಕಡೆ ತಿರುಗಿದಳು. ಒಶಿರೊ ಮೀಸೆಯ ಮೇಲೆ ಕೈ ಅಡ್ಡವಿಟ್ಟುಕೊಂಡು ಬರೆಯುವುದನ್ನು ಮುಂದುವರಿಸಿದ.

"ನೀರಲ್ಲಿ ಹಾಗೇ ಕಾಣೋದು," ಅಂದಳು ಕಸಿಲ್ದಾ. "ಹಸಿವಾಗ್ತಿದೆಯಾ?"

"ಅನ್ನ ಇದ್ರೆ ಒಂದಿಷ್ಟು ಹಾಕು."

ಠಾಣೆಯಲ್ಲಿ ಅನ್ನ ಎಲ್ಲಿಂದ ಬರಬೇಕು. ಕ್ಲೌದಿನೆಯ್ ತನ್ನ ಬುತ್ತಿ ಬಿಚ್ಚಿದ. ಮುದುಕ ಅದನ್ನು ಖಾಲಿ ಮಾಡಿ, ಉಪ್ಪು ಕಡಿಮೆ ಅಂದ. ಕಸಿಲ್ದಾ ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು ಬಂಧನಪತ್ರಕ್ಕೆ ಸಹಿ ಹಾಕಿದಳು. ಒಂಬತ್ತರ ಹೊತ್ತಿಗೆ ಜಾಮೀನಾಗಿ ಇಬ್ಬರೂ ಮನೆಗೆ ಹೋದರು.

ಭಾನುವಾರ ಆರು ಮುದುಕಿಯರೂ ಲೀಜಿಯಾಳ ಕಣ್ಣೆದುರಲ್ಲೇ ಸಸಿಗಳನ್ನು ಮತ್ತೆ ನೆಟ್ಟರು. ಸೋಮವಾರ ಬಂದವರು ದಂಡೆಯುದ್ದಕ್ಕೂ ನಡೆದು, ಒಂದೆರಡು ಫೋಟೊ ತೆಗೆದು, ಕಂತಿಗೆ ಒಪ್ಪಿಗೆ ಕೊಟ್ಟು ಹೋದರು.

ಆ ವಾರದ ಕೊನೆಗೆ ಒಶಿರೊ ಆರೋಪಪಟ್ಟಿ ತಯಾರಿಸಿದ. ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ, ಮಾಲು ಪೂರ್ತಿ ವಶವಾಗಿದೆ, ನಷ್ಟವಿಲ್ಲ, ಕನಿಕರಕ್ಕೆ ಯೋಗ್ಯ ಪ್ರಕರಣ ಎಂದು ಬರೆದ. ಕೃತ್ಯದ ಉದ್ದೇಶ ಎಂಬ ಜಾಗವನ್ನು ಕೊನೆಗೆ ಉಳಿಸಿಕೊಂಡ. ಆಮೇಲೆ ಹೀಗೆ ಬರೆದು ಸಹಿ ಹಾಕಿದ: "ಆರೋಪಿಯ ಗಂಡನು ಹೊಳೆಯಲ್ಲಿ ತನ್ನ ಮುಖ ನೋಡಿಕೊಳ್ಳಬೇಕಿತ್ತು. ನೋಡಿಕೊಂಡಿದ್ದಾನೆ. ಅದಕ್ಕೆ ನಾನೇ ಸಾಕ್ಷಿ."